ತೆಪ್ಪದ ಮೇಲೆ ಬೆಚ್ಚಗಿರುವುದು ಹೇಗೆ?

ಮಕ್ಕಳೇ, ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿರುವ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಹುಲಿಗೆ ನೀರೆಂದರೆ ಬಲು ಇಷ್ಟ. ಬೇಸಿಗೆಯ ಮಧ್ಯಾಹ್ನ ಅದು ಕುತ್ತಿಗೆಯವರೆಗೂ ನೀರಿನಲ್ಲಿ ಮುಳುಗಿ ಆರಾಮವಾಗಿ ಕೂರುತ್ತದೆ. ಯಾಕೆ ಗೊತ್ತೇ? ನೀರು ಅದರ ಮೈಯ ಬಿಸಿಯನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಹುಲಿಗೆ ಬೇಕಾಗಿರುವುದೂ ಅದೇ.

ಆದರೆ ಇದೇ ನೀರು ಚಳಿಗಾಲದ ಬೆಳಗಿನ ಜಾವ ನಮ್ಮ ಮೈಗೆ ತಗುಲಿದರೆ? ಆಗ ಅದು ಮಾಡುವುದೂ ಅದೇ ಕೆಲಸ. ಆದರೆ ಆಗ ನಮಗೆ ಅದು ಬೇಡವಾಗಿರುತ್ತದೆ!

ತುಂಗೆ ಶಿವಮೊಗ್ಗ ನಗರದ ಪಕ್ಕದಲ್ಲಿ ಹರಿಯುತ್ತಾಳೆ, ಭದ್ರೆ ಭದ್ರಾವತಿಯಲ್ಲಿ ಹರಿಯುತ್ತಾಳೆ. ಎರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಈ ನದಿಗಳಲ್ಲೂ ಗಾಜನೂರು, ಲಕ್ಕವಳ್ಳಿ ಅಣೆಕಟ್ಟುಗಳ ನೀರಿನಲ್ಲೂ ತೆಪ್ಪದ ಮೇಲೆ ಹೋಗಿ ಮೀನು ಹಿಡಿದು ಬದುಕುವ ಕುಟುಂಬಗಳಿವೆ. ಸಂಜೆ ಬಲೆ ಬಿಟ್ಟು ಬಂದರೆ, ಬೆಳಕು ಹರಿಯುವ ಮೊದಲೇ ಹೋಗಿ ಅದನ್ನು ಎತ್ತಬೇಕು. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಶಿವಮೊಗ್ಗದ ಸುತ್ತಮುತ್ತ ತಾಪ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಬಲೆ ಎಳೆಯುವಾಗ ನೀರು ಮೈಮೇಲೆ ಸೋರುತ್ತದೆ. ತೆಪ್ಪದ ತಳದಲ್ಲಿ ನೀರು ನಿಂತಿರುತ್ತದೆ. ಮೇಲೆ ಕುಳಿರ್ಗಾಳಿ. ದುಬಾರಿ ಜಾಕೆಟ್ಟು, ಬೂಟು ಕೊಳ್ಳಲು ಎಲ್ಲರಿಗೂ ಆಗುತ್ತದೆಯೇ? ಇಲ್ಲ. ಆದರೆ ಸಂತೆಯಲ್ಲಿ ರಾಶಿ ಹಾಕಿ ಮಾರುವ ಹಳೆಯ ಸ್ವೆಟರು, ಮನೆಯ ಮೂಲೆಯಲ್ಲಿರುವ ಹರಕು ಕಂಬಳಿ, ಖಾಲಿ ಗೊಬ್ಬರದ ಚೀಲ, ಒಂದು ಹಿಡಿ ಬತ್ತದ ಹುಲ್ಲು ಇವಿಷ್ಟರಿಂದಲೇ ಬೆಚ್ಚಗಿರಬಹುದು. ಯಾವುದನ್ನು ಎಲ್ಲಿ ಬಳಸಬೇಕೆಂಬ ವಿಜ್ಞಾನ ಮಾತ್ರ ತಿಳಿದಿರಬೇಕು. ಅದನ್ನೇ ಈಗ ನೋಡೋಣ.

ನಮ್ಮೊಳಗೊಂದು ಒಲೆ

ನಮ್ಮ ದೇಹ ಸದಾ ಉರಿಯುವ ಒಂದು ಒಲೆ ಇದ್ದಂತೆ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯೇ ಅದಕ್ಕೆ ಸೌದೆ. ಸುಮ್ಮನೆ ಕುಳಿತಿರುವ ದೊಡ್ಡವರೊಬ್ಬರ ದೇಹ ಹೊರಸೂಸುವ ಉಷ್ಣ ಸುಮಾರು 100 ವ್ಯಾಟ್. ಅಂದರೆ ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 100 ವ್ಯಾಟ್‌ನ ಗುಂಡು ಬಲ್ಬು ಬಳಸುವಷ್ಟೇ ಶಕ್ತಿ! ಈ ಒಲೆಯಿಂದಾಗಿ ನಮ್ಮ ದೇಹದೊಳಗಿನ ತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ.

ಇದು 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಕೇವಲ ಎರಡು ಡಿಗ್ರಿಯ ವ್ಯತ್ಯಾಸ! ಮೊದಲು ಮೈ ನಡುಗುತ್ತದೆ. ನಡುಕವೂ ದೇಹದ ಒಂದು ಉಪಾಯವೇ. ಸ್ನಾಯುಗಳು ತಾವಾಗಿಯೇ ಅಲುಗಾಡಿ ಹೆಚ್ಚು ಉಷ್ಣವನ್ನು ಉಂಟುಮಾಡುತ್ತವೆ. ತಾಪ ಇನ್ನೂ ಇಳಿದರೆ ಬೆರಳುಗಳು ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ಮಂಪರು ಕವಿಯುತ್ತದೆ. ನೆಲದ ಮೇಲಿದ್ದವರು ಮನೆಯೊಳಗೆ ಓಡಬಹುದು. ನೀರಿನ ನಡುವೆ ಇರುವವರು ಎಲ್ಲಿಗೆ ಓಡುವುದು? ಬೆರಳು ಮರಗಟ್ಟಿದರೆ ಹುಟ್ಟು ಹಿಡಿಯುವುದೂ ಕಷ್ಟ, ಬಲೆಯ ಗಂಟು ಬಿಚ್ಚುವುದೂ ಕಷ್ಟ. ಆದ್ದರಿಂದ ತೆಪ್ಪದ ಮೇಲೆ ಬೆಚ್ಚಗಿರುವುದು ಬರೀ ಸುಖದ ಮಾತಲ್ಲ, ಜೀವದ ಮಾತು.

ಉಷ್ಣ ಕದಿಯುವ ನಾಲ್ವರು ಕಳ್ಳರು

ನಮ್ಮ ಮೈಯಿಂದ ಉಷ್ಣ ನಾಲ್ಕು ದಾರಿಗಳಲ್ಲಿ ಹೊರಗೆ ಹೋಗುತ್ತದೆ.

ಮೊದಲನೆಯದು ಉಷ್ಣವಹನ. ಬಿಸಿ ವಸ್ತು ತಣ್ಣನೆಯ ವಸ್ತುವನ್ನು ಮುಟ್ಟಿದಾಗ ಉಷ್ಣ ನೇರವಾಗಿ ಹರಿಯುತ್ತದೆ. ತೆಪ್ಪದ ಒದ್ದೆ ತಳದ ಮೇಲೆ ಕುಳಿತರೆ ಆಗುವುದು ಇದೇ.

ಎರಡನೆಯದು ಉಷ್ಣಸಂವಹನ. ನಮ್ಮ ಚರ್ಮಕ್ಕೆ ಅಂಟಿಕೊಂಡ ತೆಳ್ಳನೆಯ ಗಾಳಿಯ ಪದರ ಮೈಶಾಖದಿಂದ ಬೆಚ್ಚಗಾಗಿರುತ್ತದೆ. ಗಾಳಿ ಬೀಸಿದಾಗ ಆ ಪದರ ಹಾರಿಹೋಗಿ, ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ. ದೇಹ ಅದನ್ನೂ ಬೆಚ್ಚಗೆ ಮಾಡಬೇಕು. ಅಷ್ಟರಲ್ಲಿ ಅದೂ ಹಾರಿಹೋಗುತ್ತದೆ! ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಸಿಗಂದೂರಿಗೆ ಹೋಗುವ ಹೆಚ್ಚಿನವರು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಿದ್ದರು. ಚಳಿಗಾಲದ ಬೆಳಗ್ಗೆ ದಡದಲ್ಲಿ ನಿಂತಾಗ ಇಲ್ಲದ ಚಳಿ ಲಾಂಚ್ ಹೊರಟೊಡನೆ ಹಿಡಿದುಕೊಳ್ಳುವುದಕ್ಕೆ ಕಾರಣ ಇದೇ. ನೀರಿನ ಬಯಲಿನಲ್ಲಿ ಗಾಳಿಯನ್ನು ತಡೆಯಲು ಮರವೂ ಇಲ್ಲ, ಗೋಡೆಯೂ ಇಲ್ಲ.

ಮೂರನೆಯದು ವಿಕಿರಣ. ಬಿಸಿಯಾದ ಯಾವ ವಸ್ತುವೂ ಏನನ್ನೂ ಮುಟ್ಟದೆಯೇ ಉಷ್ಣವನ್ನು ಸುತ್ತಲೂ ಚೆಲ್ಲುತ್ತದೆ. ಸೂರ್ಯನ ಉಷ್ಣ ನಮ್ಮನ್ನು ತಲಪುವುದು ಹೀಗೆಯೇ. ಮೋಡವಿಲ್ಲದ ರಾತ್ರಿ ನೆಲವೂ ನಮ್ಮ ಮೈಯೂ ತಮ್ಮ ಉಷ್ಣವನ್ನು ಆಕಾಶದ ಕಡೆಗೆ ಚೆಲ್ಲುತ್ತಲೇ ಇರುತ್ತವೆ. ನಿರ್ಮಲವಾದ ರಾತ್ರಿ ಹೆಚ್ಚು ಚಳಿಯಾಗುವುದು ಇದರಿಂದಲೇ.

ನಾಲ್ಕನೆಯದು ಆವಿಯಾಗುವಿಕೆ. ನೀರು ಆವಿಯಾಗಲು ಉಷ್ಣ ಬೇಕು. ಒದ್ದೆ ಬಟ್ಟೆ ತೊಟ್ಟರೆ ಆ ಉಷ್ಣದ ದೊಡ್ಡ ಪಾಲನ್ನು ನೀರು ನಮ್ಮ ಮೈಯಿಂದಲೇ ಕೇಳುತ್ತದೆ. ತೆಪ್ಪದ ಮೇಲೆ ಈ ನಾಲ್ವರಲ್ಲಿ ದೊಡ್ಡ ಕಳ್ಳ ಇವನೇ.

ಒಂದು ಲೋಟ ನೀರಿನ ಲೆಕ್ಕ

ಈ ನಾಲ್ಕನೆಯ ಕಳ್ಳ ಎಷ್ಟು ಕದಿಯುತ್ತಾನೆ? ಲೆಕ್ಕ ಹಾಕಿ ನೋಡೋಣ.

ಚರ್ಮದ ಮೇಲಿನ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಒಬ್ಬ ಹುಡುಗನ ಹತ್ತಿಯ ಅಂಗಿ ನೆನೆದು ಒಂದು ಲೋಟದಷ್ಟು, ಅಂದರೆ 250 ಗ್ರಾಂ ನೀರು ಹಿಡಿದುಕೊಂಡಿದೆ ಎನ್ನಿ. ಅದು ಪೂರ್ತಿ ಒಣಗಲು ಬೇಕಾಗುವ ಉಷ್ಣ 250 × 580 = 1,45,000 ಕ್ಯಾಲೊರಿ.

30 ಕಿಲೋಗ್ರಾಂ ತೂಕದ ಹುಡುಗನ ದೇಹದ ತಾಪ 1 ಡಿಗ್ರಿ ಇಳಿಯಬೇಕಾದರೆ ಸುಮಾರು 25,000 ಕ್ಯಾಲೊರಿ ಉಷ್ಣ ಹೊರಗೆ ಹೋಗಬೇಕು. ಈಗ ಭಾಗಿಸಿ: 1,45,000 ÷ 25,000 = 5.8.

ಅಬ್ಬಾ! ಒಂದು ಲೋಟ ನೀರು ಒಣಗುವಷ್ಟರಲ್ಲಿ ದೇಹದ ತಾಪವನ್ನು ಸುಮಾರು 6 ಡಿಗ್ರಿ ಇಳಿಸುವಷ್ಟು ಉಷ್ಣ ಬೇಕಾಗುತ್ತದೆ. ವಾಸ್ತವದಲ್ಲಿ ಅಷ್ಟು ಇಳಿಯುವುದಿಲ್ಲ. ಏಕೆಂದರೆ ಸ್ವಲ್ಪ ಉಷ್ಣವನ್ನು ಸುತ್ತಲಿನ ಗಾಳಿಯೂ ಬಿಸಿಲೂ ಕೊಡುತ್ತವೆ, ದೇಹದ ಒಲೆಯೂ ಉರಿಯುತ್ತಲೇ ಇರುತ್ತದೆ. ಆದರೂ ಒದ್ದೆ ಅಂಗಿಯನ್ನು ಮೈಮೇಲೆಯೇ ಒಣಗಿಸಿಕೊಳ್ಳುವುದು ಎಷ್ಟು ದುಬಾರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ತಕ್ಷಣ ಕಳಚಿ ಒಣ ಬಟ್ಟೆ ತೊಡುವುದೇ ಜಾಣತನ. ಮಕ್ಕಳಂತೂ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಮೈ ಹೆಚ್ಚು. ದೊಡ್ಡ ಪಾತ್ರೆಯ ಸಾರಿಗಿಂತ ಸಣ್ಣ ಬಟ್ಟಲಿನ ಸಾರು ಬೇಗ ಆರುವುದಿಲ್ಲವೇ? ಹಾಗೆ.

ಬೆಚ್ಚನೆಯ ನೀರಿನ ಮೋಸ

ಚಳಿಗಾಲದ ಬೆಳಗ್ಗೆ ನದಿಯ ನೀರಿನಿಂದ ಹೊಗೆಯಂತೆ ಮಂಜು ಏಳುವುದನ್ನು ನೀವು ನೋಡಿರಬಹುದು. ನೀರು ಹಗಲಿನ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದರ ವಿಶಿಷ್ಟೋಷ್ಣ ಹೆಚ್ಚು. ಆದ್ದರಿಂದ ಆ ಹೊತ್ತಿಗೆ ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ. ನೀರಿನಿಂದ ಏಳುವ ಆವಿ ಮೇಲಿನ ತಂಪು ಗಾಳಿಗೆ ಸಿಕ್ಕಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಅದೇ ಮಂಜು.

ನೀರಿಗೆ ಕೈ ಅದ್ದಿದರೆ ಮೊದಲು ಹಿತವೆನಿಸುತ್ತದೆ. ಹಾಗಾದರೆ ನೀರಿನಲ್ಲೇ ಇದ್ದರೆ ಬೆಚ್ಚಗಿರಬಹುದಲ್ಲವೇ? ಇಲ್ಲ! ನೀರು ಗಾಳಿಗಿಂತ ಬೆಚ್ಚಗಿದ್ದರೂ ನಮ್ಮ ಮೈಗಿಂತ ತಣ್ಣಗೇ ಇರುತ್ತದೆ. ಜೊತೆಗೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಹೀಗಾಗಿ ನೀರಿನಲ್ಲಿರುವವರು ನೋಡುತ್ತಾ ನೋಡುತ್ತಾ ತಣ್ಣಗಾಗುತ್ತಾರೆ. ಹೊರಗೆ ಬಂದೊಡನೆ ನಾಲ್ಕನೆಯ ಕಳ್ಳ ಕಾದಿರುತ್ತಾನೆ.

ಇದರ ಭಯಂಕರ ಉದಾಹರಣೆಯನ್ನು ಚರಿತ್ರೆ ಕಂಡಿದೆ. 1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದಾಗ ನೀರಿನ ತಾಪ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿತ್ತು. ಉಪ್ಪುನೀರಾದ್ದರಿಂದ ಅದು ಹೆಪ್ಪುಗಟ್ಟಿರಲಿಲ್ಲ. ಸತ್ತವರು 1,500ರ ಸುಮಾರು. ಅವರಲ್ಲಿ ಬಹಳ ಮಂದಿ ತೇಲುವ ಜಾಕೆಟ್ ತೊಟ್ಟಿದ್ದರು, ಮುಳುಗಿರಲಿಲ್ಲ. ಅವರ ಪ್ರಾಣ ತೆಗೆದದ್ದು ನೀರಿನ ಚಳಿ. ನಮ್ಮ ನದಿಗಳ ನೀರು ಅಷ್ಟು ತಣ್ಣಗಿರುವುದಿಲ್ಲ ನಿಜ. ಆದರೆ ತಣ್ಣಗಾದ ಕೈಕಾಲು ಈಜಲಾರವು ಎಂಬ ಮಾತು ತುಂಗೆಗೂ ಸಲ್ಲುತ್ತದೆ.

ನೀರುನಾಯಿಯ ಪಾಠ

ನೀರಿನಲ್ಲೇ ಬದುಕುವ ಪ್ರಾಣಿಗಳು ಏನು ಮಾಡುತ್ತವೆ? ನಮ್ಮ ನದಿಗಳ ನೀರುನಾಯಿಯನ್ನೇ ನೋಡಿ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದದ ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ನೀರುನಾಯಿಗೆ ಎರಡು ಪದರದ ತುಪ್ಪಳವಿದೆ. ಒಳಗೆ ಗಿಡ್ಡನೆಯ, ಮೆತ್ತನೆಯ, ಒತ್ತೊತ್ತಾದ ಕೂದಲು. ಹೊರಗೆ ಉದ್ದನೆಯ ಒರಟು ಕೂದಲು. ನೀರಿಗಿಳಿದಾಗ ಹೊರಗಿನ ಕೂದಲು ಒಂದರ ಮೇಲೊಂದು ಮಲಗಿ ನೀರನ್ನು ತಡೆಯುತ್ತದೆ. ಒಳಗಿನ ಕೂದಲಿನ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಒಳ್ಳೆಯ ಉಷ್ಣ ಅವಾಹಕ. ನೀರುನಾಯಿ ದಡಕ್ಕೆ ಬಂದು ಮೈ ಕೊಡವಿ, ಹುಲ್ಲಿನ ಮೇಲೆ ಹೊರಳಿ, ತುಪ್ಪಳವನ್ನು ಒಪ್ಪ ಮಾಡಿಕೊಳ್ಳುವುದು ಈ ಗಾಳಿಯ ಪದರವನ್ನು ಉಳಿಸಿಕೊಳ್ಳುವುದಕ್ಕಾಗಿ.

ಅಂದರೆ ಬೆಚ್ಚಗಿಡುವುದು ಕೂದಲಲ್ಲ, ಕೂದಲು ಹಿಡಿದಿಟ್ಟ ಗಾಳಿ! ನಮ್ಮ ದಪ್ಪ ಸ್ವೆಟರಿನಲ್ಲೂ ಉಣ್ಣೆಗಿಂತ ಗಾಳಿಯೇ ಹೆಚ್ಚು ಜಾಗ ಹಿಡಿದಿರುತ್ತದೆ. ನೀರುನಾಯಿಯ ಪಾಠವನ್ನು ಎರಡೇ ಮಾತಿನಲ್ಲಿ ಹೇಳಬಹುದು: ಒಳಗೆ ಗಾಳಿ ಹಿಡಿಯುವ ಪದರ, ಹೊರಗೆ ನೀರು ಮತ್ತು ಗಾಳಿಯನ್ನು ತಡೆಯುವ ಪದರ.

ಹಳೆಯ ಸಾಮಾನು, ಹೊಸ ಉಪಯೋಗ

ಈಗ ಈ ಪಾಠವನ್ನು ಸಂತೆಯ ರಾಶಿಗೂ ಮನೆಯ ಮೂಲೆಗೂ ಅನ್ವಯಿಸೋಣ.

ಮೈಗೆ ತಾಗುವ ಪದರ: ಹತ್ತಿಯ ಬನಿಯನ್ ಬೇಸಿಗೆಗೆ ಚೆನ್ನ, ತೆಪ್ಪಕ್ಕಲ್ಲ. ಹತ್ತಿ ನೀರನ್ನು ಹೀರಿ, ಮೈಗೆ ಅಂಟಿ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಆಟಗಾರರು ತೊಡುವಂಥ ಪಾಲಿಯೆಸ್ಟರ್ ಬನಿಯನ್ ಹಳೆಯದಾದರೂ ಸರಿ. ಅದರ ಎಳೆಗಳು ನೀರನ್ನು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ.

ನಡುವಿನ ಪದರ: ಇಲ್ಲಿ ಉಣ್ಣೆಯೇ ರಾಜ. ಉಣ್ಣೆಯ ಎಳೆಗಳು ಗುಂಗುರು ಗುಂಗುರಾಗಿರುವುದರಿಂದ ಒದ್ದೆಯಾದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ನಡುವೆ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಅಲ್ಲದೆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಗಳ ಒಳಗೇ ಅಡಗಿಸಿಕೊಳ್ಳಬಲ್ಲದು. ಆಗಲೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಎರಡು ತೆಳುವಾದ ಹಳೆಯ ಸ್ವೆಟರುಗಳು ಒಂದು ದಪ್ಪ ಸ್ವೆಟರಿಗಿಂತ ಮೇಲು. ಎರಡರ ನಡುವೆ ಇನ್ನೊಂದು ಗಾಳಿಯ ಪದರ ಸಿಗುತ್ತದೆ. ಸೆಖೆಯಾದರೆ ಒಂದನ್ನು ಕಳಚಲೂಬಹುದು.

ನಮ್ಮ ಕರಿ ಕಂಬಳಿಯನ್ನು ಮರೆಯುವಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕೈಮಗ್ಗದ ಕಂಬಳಿಗೆ ಹೆಸರಾದ ಊರು. ನೇಯುವವರು ಹುಣಸೆ ಬೀಜದ ಗಂಜಿಯನ್ನು ಬಳಸಿ ಕಂಬಳಿಗೆ ಬಿಗುವು ಕೊಡುತ್ತಾರೆ. ಒತ್ತಾದ ನೇಯ್ಗೆಯ ಮೇಲೆ ಬಿದ್ದ ತುಂತುರು ಹನಿ ಜಾರಿಹೋಗುತ್ತದೆ. ಮಲೆನಾಡಿನ ರೈತರು ಮಳೆಗಾಲದಲ್ಲಿ ಕಂಬಳಿಯನ್ನು ಕೊಪ್ಪೆಯಾಗಿ ಮಡಚಿ ತಲೆಯ ಮೇಲೆ ಹಾಕಿಕೊಂಡು ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದುದು ಇದೇ ಕಾರಣಕ್ಕೆ. ಹರಿದ ಕಂಬಳಿಯಾದರೂ ಕತ್ತರಿಸಿ ಹೊಲಿದರೆ ತೋಳಿಲ್ಲದ ಅಂಗಿಯಾಗುತ್ತದೆ.

ಹೊರಗಿನ ಪದರ: ಇದರ ಕೆಲಸ ಬೆಚ್ಚಗಿಡುವುದಲ್ಲ, ಗಾಳಿಯನ್ನೂ ನೀರನ್ನೂ ತಡೆಯುವುದು. ಹಳೆಯ ಮಳೆಕೋಟು ಇದ್ದರೆ ಸಾಕು. ಅದೂ ಇಲ್ಲದಿದ್ದರೆ ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಹಾಳೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ತಲೆಗೂ ತೋಳಿಗೂ ದೊಡ್ಡ ತೂತು ಮಾಡಿ ತೊಡಬಹುದು. ಕೀಟನಾಶಕ ತುಂಬಿದ್ದ ಚೀಲವನ್ನು ಮಾತ್ರ ಮುಟ್ಟಲೇಬಾರದು. ಒಂದು ಎಚ್ಚರಿಕೆ: ಹುಟ್ಟು ಹಾಕುವಾಗ ಮೈ ಬೆವರುತ್ತದೆ. ಪ್ಲಾಸ್ಟಿಕ್ ಬೆವರನ್ನು ಹೊರಗೆ ಬಿಡುವುದಿಲ್ಲ, ಒಳಗಿನ ಬಟ್ಟೆಯೆಲ್ಲ ಒದ್ದೆಯಾಗುತ್ತದೆ. ಆದ್ದರಿಂದ ಜೋರು ಕೆಲಸಕ್ಕೆ ಮೊದಲು ಒಂದು ಪದರ ಕಳಚಿ, ಕೆಲಸ ಮುಗಿದೊಡನೆ ಮತ್ತೆ ತೊಡಬೇಕು.

ಕೂರುವ ಜಾಗ: ತೆಪ್ಪದ ತಳಕ್ಕೂ ನಮಗೂ ನಡುವೆ ಏನಾದರೂ ಇರಲಿ. ಮೀನಿನ ಪೆಟ್ಟಿಗೆಯ ಹಳೆಯ ಥರ್ಮೋಕೋಲ್ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದಂತಿದೆ. ಥರ್ಮೋಕೋಲಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಇರುವುದು ಗಾಳಿಯೇ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಬತ್ತದ ಹುಲ್ಲು ತುಂಬಿ ಬಾಯಿ ಬಿಗಿದರೆ ಒಳ್ಳೆಯ ಮಣೆಯಾಯಿತು.

ಕಾಲು, ಕೈ, ತಲೆ: ಒಣ ಕಾಲುಚೀಲ ತೊಟ್ಟು, ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಇನ್ನೊಂದು ಹಳೆಯ ಕಾಲುಚೀಲ. ಹೊರಗಿನದು ನೆನೆದರೂ ಒಳಗಿನದು ಒಣಗಿಯೇ ಇರುತ್ತದೆ. ತಲೆಗೆ ಮಂಕಿ ಟೋಪಿ. ನಮ್ಮ ಉಷ್ಣದ ಅರ್ಧ ತಲೆಯಿಂದಲೇ ಹೋಗುತ್ತದೆಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ. ತಲೆ ಮೈಯ ಸುಮಾರು ಹತ್ತನೇ ಒಂದು ಭಾಗ, ನಷ್ಟವಾಗುವ ಉಷ್ಣವೂ ಸುಮಾರಾಗಿ ಅಷ್ಟೇ. ಆದರೆ ಉಳಿದ ಮೈಯನ್ನೆಲ್ಲ ಮುಚ್ಚಿ ತಲೆಯನ್ನು ಮಾತ್ರ ಬಿಟ್ಟರೆ ಕೊಡದ ತೂತು ಮುಚ್ಚದೆ ನೀರು ತುಂಬಿದ ಹಾಗೆ.

ಒಣ ಜೋಡಿ: ಇವೆಲ್ಲಕ್ಕಿಂತ ದೊಡ್ಡ ಉಪಾಯಕ್ಕೆ ಖರ್ಚೇ ಇಲ್ಲ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತೆಪ್ಪದಲ್ಲಿ ಇಟ್ಟುಕೊಳ್ಳುವುದು.

ನಿಮಗಿದು ಗೊತ್ತೇ?

ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ ಮೇಲೆ ಲೇಪಿಸಿದ ಬಲು ತೆಳುವಾದ ಅಲ್ಯೂಮಿನಿಯಂ. ಇಂಥದೇ ಹಾಳೆಯನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1960ರ ದಶಕದಲ್ಲಿ ಬಾಹ್ಯಾಕಾಶದ ಕೆಲಸಕ್ಕೆ ಬಳಸತೊಡಗಿತು. ಇಂದು ಅದರಿಂದ ಮಾಡಿದ ಹೊದಿಕೆಯನ್ನು ಪರ್ವತಾರೋಹಿಗಳೂ ರಕ್ಷಣಾ ತಂಡದವರೂ ಜೊತೆಗೆ ಒಯ್ಯುತ್ತಾರೆ. ಅದು ಮೈಯಿಂದ ಹೊರಟ ವಿಕಿರಣವನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಮಡಚಿದರೆ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ!

ಉಣ್ಣೆಯೋ ಅಲ್ಲವೋ? ಕಂಡುಹಿಡಿಯುವುದು ಹೇಗೆ?

ಹಳೆಯ ಬಟ್ಟೆಯ ರಾಶಿಯಲ್ಲಿ ಚೀಟಿ ಹರಿದುಹೋಗಿರುತ್ತದೆ. ಉಣ್ಣೆಯಂತೆ ಕಾಣುವುದೆಲ್ಲ ಉಣ್ಣೆಯಲ್ಲ. ಒಂದೇ ಒಂದು ಎಳೆಯನ್ನು ಕಿತ್ತು, ಚಿಮುಟದಲ್ಲಿ ಹಿಡಿದು, ಶಿಕ್ಷಕರು ಅಥವಾ ಮನೆಯ ಹಿರಿಯರಿಂದ ಉರಿಗೆ ಹಿಡಿಸಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಏಕೆಂದರೆ ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದ ಆದವು. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರಿನಂಥ ಕೃತಕ ನೂಲು. ಇದನ್ನು ನೀವೇ ಒಬ್ಬರೇ ಮಾಡಬೇಡಿ.

ಬಟ್ಟೆ ಗಾಳಿ ತಡೆಯುತ್ತದೆಯೇ ಎಂದು ನೋಡಲು ಬೆಂಕಿ ಬೇಡ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಸಲೀಸಾಗಿ ದಾಟಿದರೆ ಅದು ಒಳಗಿನ ಪದರಕ್ಕೆ, ದಾಟದಿದ್ದರೆ ಹೊರಗಿನ ಪದರಕ್ಕೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದೇ ಅಳತೆಯ ಐದು ಡಬ್ಬಿಗಳು, ಬಿಸಿನೀರು, ಪ್ರಯೋಗಾಲಯದ ಉಷ್ಣತಾಮಾಪಕ, ಹತ್ತಿ ಬಟ್ಟೆಯ ಎರಡು ತುಂಡು, ಹಳೆಯ ಉಣ್ಣೆಯ ಎರಡು ತುಂಡು, ಒಂದು ಪ್ಲಾಸ್ಟಿಕ್ ಹಾಳೆ, ದಾರ.

ವಿಧಾನ: ಮೊದಲ ಡಬ್ಬಿಗೆ ಏನನ್ನೂ ಸುತ್ತಬೇಡಿ. ಎರಡನೆಯದಕ್ಕೆ ಒಣ ಹತ್ತಿ ಬಟ್ಟೆ, ಮೂರನೆಯದಕ್ಕೆ ಒದ್ದೆ ಹತ್ತಿ ಬಟ್ಟೆ, ನಾಲ್ಕನೆಯದಕ್ಕೆ ಒಣ ಉಣ್ಣೆ ಸುತ್ತಿ. ಐದನೆಯದಕ್ಕೆ ಉಣ್ಣೆ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಐದಕ್ಕೂ ಒಂದೇ ಅಳತೆಯ ಬಿಸಿನೀರನ್ನು ಶಿಕ್ಷಕರ ಸಹಾಯದಿಂದ ತುಂಬಿ, ಗಾಳಿ ಬೀಸುವ ಕಡೆ ಸಾಲಾಗಿ ಇಡಿ. ಐದೈದು ನಿಮಿಷಕ್ಕೊಮ್ಮೆ ತಾಪವನ್ನು ಅಳೆದು ಕೋಷ್ಟಕದಲ್ಲಿ ಬರೆಯಿರಿ. ಅರ್ಧ ಗಂಟೆಯಾದ ಮೇಲೆ ನಕ್ಷೆ ಬಿಡಿಸಿ.

ಯಾವ ಡಬ್ಬಿ ಎಲ್ಲಕ್ಕಿಂತ ಬೇಗ ತಣ್ಣಗಾಯಿತು? ಏನೂ ಸುತ್ತದ ಡಬ್ಬಿಗೂ ಒದ್ದೆ ಬಟ್ಟೆಯ ಡಬ್ಬಿಗೂ ಹೋಲಿಸಿ ನೋಡಿ. ಒದ್ದೆ ಅಂಗಿ ತೊಡುವುದು ಒಳ್ಳೆಯದೋ, ಅಂಗಿಯನ್ನೇ ತೊಡದಿರುವುದು ಒಳ್ಳೆಯದೋ? ಉತ್ತರ ನಿಮ್ಮ ಕೋಷ್ಟಕದಲ್ಲೇ ಇದೆ.

ಇವನ್ನು ಮಾತ್ರ ಮಾಡಬಾರದು

ತೆಪ್ಪದಲ್ಲಿ ಬೆಂಕಿ ಹಾಕಬಾರದು. ತೆಪ್ಪ ಬಿದಿರು ಮತ್ತು ಪ್ಲಾಸ್ಟಿಕ್ಕಿನಿಂದ ಆದದ್ದು. ದಡದ ಮೇಲಿನ ಗುಡಿಸಲಿನಲ್ಲಾಗಲಿ ಮನೆಯಲ್ಲಾಗಲಿ ಬಾಗಿಲು ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಇನ್ನೂ ಅಪಾಯ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಹೋಗಬಹುದು.

ಹೆಂಡ ಕುಡಿದರೆ ಬೆಚ್ಚಗಾಗುತ್ತದೆ ಎಂಬ ನಂಬಿಕೆ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಉಷ್ಣ ಇನ್ನೂ ಬೇಗ ಹೊರಗೆ ಹೋಗುತ್ತದೆ. ಬಿಸಿ ಕಾಫಿ, ಬೆಲ್ಲದ ಪಾನಕ, ಗಂಜಿ ಇವೇ ಮೇಲು.

ಕಂಬಳಿಯನ್ನು ಕುತ್ತಿಗೆಗೆ ಗಂಟು ಹಾಕಿಕೊಳ್ಳಬಾರದು. ನೀರಿಗೆ ಬಿದ್ದರೆ ತಕ್ಷಣ ಕಳಚುವಂತಿರಬೇಕು. ತೇಲುವ ಜಾಕೆಟ್ ಎಲ್ಲ ಬಟ್ಟೆಗಳ ಮೇಲೆ ಇರಲೇಬೇಕು. ಅದರೊಳಗಿನ ಫೋಮ್ ಎದೆಯನ್ನು ಬೆಚ್ಚಗೂ ಇಡುತ್ತದೆ. ಉಳಿದುದೆಲ್ಲ ಹಳೆಯದಾಗಲಿ, ಈ ಜಾಕೆಟ್ ಮಾತ್ರ ಹರಿದಿರಬಾರದು, ಅದರ ಪಟ್ಟಿ ಗಟ್ಟಿಯಾಗಿರಬೇಕು. 2016ರ ಗಣೇಶ ಹಬ್ಬದ ಸಮಯದಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯ ಬಳಿ ವಿಸರ್ಜನೆಗೆ ಹೋದ ತೆಪ್ಪ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಜಾಕೆಟ್ ಇಲ್ಲದೆ, ದೊಡ್ಡವರಿಲ್ಲದೆ, ಹೆಚ್ಚು ಜನ ತುಂಬಿದ ತೆಪ್ಪವನ್ನು ನೀವು ಎಂದೂ ಹತ್ತಬೇಡಿ.

ಯಾರಾದರೂ ನೀರಿಗೆ ಬಿದ್ದು ನಡುಗುತ್ತಿದ್ದರೆ

ಒದ್ದೆ ಬಟ್ಟೆ ಕಳಚಿ. ಮೈ ಒರೆಸಿ, ಒಣ ಬಟ್ಟೆ ತೊಡಿಸಿ. ತಲೆಯನ್ನೂ ಸೇರಿಸಿ ಕಂಬಳಿ ಹೊದಿಸಿ. ನೆಲದ ಮೇಲೆ ಹಾಗೆಯೇ ಮಲಗಿಸದೆ ಕೆಳಗೆ ಚೀಲವನ್ನೋ ಚಾಪೆಯನ್ನೋ ಹಾಸಿ. ಎಚ್ಚರವಿದ್ದು ನುಂಗಲು ಆಗುವುದಾದರೆ ಮಾತ್ರ ಬೆಚ್ಚನೆಯ ಸಿಹಿ ಪಾನೀಯ ಕೊಡಿ. ಕೈಕಾಲನ್ನು ಜೋರಾಗಿ ತಿಕ್ಕಬೇಡಿ, ಬೆಂಕಿಯ ಹತ್ತಿರಕ್ಕೆ ಎಳೆಯಬೇಡಿ. ಮೈ ತಣ್ಣಗಿದ್ದೂ ನಡುಕ ನಿಂತುಹೋದರೆ ‘ಸದ್ಯ, ಗುಣವಾಯಿತು’ ಎಂದುಕೊಳ್ಳಬೇಡಿ. ಅದು ದೇಹದ ಒಲೆ ಸೋತಿರುವುದರ ಗುರುತು ಇರಬಹುದು. ಮಾತು ತೊದಲಿದರೆ, ಮಂಪರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಯೋಚಿಸಿ, ಉತ್ತರಿಸಿ

1. ಚಳಿಗಾಲದಲ್ಲಿ ಗುಬ್ಬಚ್ಚಿ ಪುಕ್ಕವನ್ನು ಉಬ್ಬಿಸಿಕೊಂಡು ಕೂರುತ್ತದೆ. ಏಕೆ?

2. ಗಡಿಗೆಯ ನೀರನ್ನು ತಂಪಾಗಿಸುವ ಕಳ್ಳ ಯಾರು? ತೆಪ್ಪದ ಮೇಲೆ ಅವನೇ ಏನು ಮಾಡುತ್ತಾನೆ?

3. ಮಂಜುಗಡ್ಡೆ ಕರಗದಿರಲೆಂದು ಮೀನಿನ ವ್ಯಾಪಾರಿ ಥರ್ಮೋಕೋಲ್ ಪೆಟ್ಟಿಗೆ ಬಳಸುತ್ತಾರೆ. ತಂಪನ್ನು ಕಾಯುವ ವಸ್ತುವೇ ನಮ್ಮನ್ನು ಬೆಚ್ಚಗಿಡುವುದು ಹೇಗೆ?

4. ನಿಮ್ಮ ಊರಿನಲ್ಲಿ ತೆಪ್ಪ ನಡೆಸುವವರೋ, ಬೆಳಗಿನ ಜಾವ ಹಾಲು ಹಾಕುವವರೋ, ಗದ್ದೆಗೆ ನೀರು ಕಟ್ಟುವವರೋ ಇದ್ದರೆ ಅವರನ್ನು ಮಾತನಾಡಿಸಿ. ಚಳಿಗೆ ಅವರು ಏನೇನು ಬಳಸುತ್ತಾರೆಂದು ಪಟ್ಟಿ ಮಾಡಿ. ಪ್ರತಿಯೊಂದೂ ನಾಲ್ವರು ಕಳ್ಳರಲ್ಲಿ ಯಾರನ್ನು ತಡೆಯುತ್ತದೆಂದು ಅದರ ಮುಂದೆ ಬರೆಯಿರಿ. ಅವರಿಗೆ ಗೊತ್ತಿಲ್ಲದ ಉಪಾಯವೊಂದು ಈ ಪಾಠದಲ್ಲಿದ್ದರೆ ಅದನ್ನು ಅವರಿಗೆ ಹೇಳಿಬನ್ನಿ. ನಿಮಗೆ ಗೊತ್ತಿಲ್ಲದ ಉಪಾಯ ಅವರಲ್ಲಿದ್ದರೆ ಅದನ್ನು ತರಗತಿಯಲ್ಲಿ ಎಲ್ಲರಿಗೂ ತಿಳಿಸಿ.